ಬ್ಯಾಡಗಿಯ ಹನ್ನೊಂದು ಹಿರಿಯರ ರಕ್ತ ಕೆಟ್ಟದ್ದರ ಕುರಿತು

ಮಾನ್ಯ ಓದುಗರಲ್ಲಿ,

ವಿನಂತಿಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅಚ್ಚಿಗೆಂದು ನಾನು ಬರೆಯುತ್ತಿರುವ ಮೊದಲನೆಯ ಬರಹ ಇದಾಗಿದ್ದು, ಕಾಗುಣಿತದ ದೋಷಗಳನ್ನೂ ನನ್ನ ಕೆಟ್ಟ ಕೈಬರಹವನ್ನೂ ದಯವಿಟ್ಟು ಮನ್ನಿಸಬೇಕು. ಇದುವರೆಗೆ ನಾನು ಬರೆದದ್ದು ರಕ್ತದ ಕೊಳವೆಗಳಿಗೆ ಅಂಟಿಸುವ ಬೆರಳಗಲದ ಚೀಟಿಗಳು ಮತ್ತು ಮೇಲಧಿಕಾರಿಗಳಿಗೆ ಸಲ್ಲಿಸುವ ವರದಿಗಳು ಮಾತ್ರ. ಚೀಟಿಯ ಅಳತೆಗೆ ಒಗ್ಗಿದ ಅಕ್ಷರಗಳು ಹಾಳೆಯ ಮೇಲೆಯೂ ಇರುವೆಗಳಂತೆ ಒತ್ತಿಕೊಂಡು ಬರುತ್ತಿವೆ. ಆದರೂ ಈ ಕೆಳಗಿನ ಸಂಗತಿಯನ್ನು ವರದಿಯಲ್ಲಿ ಒಂದೂವರೆ ಸಾಲಿನಲ್ಲಿ ಮುಗಿಸಿದ್ದು ಸಾಲದೆಂದು ಮನಸ್ಸಿಗೆ ತೋರಿದ್ದರಿಂದ, ಪೂರ್ತಿಯಾಗಿ ನಿವೇದಿಸಲು ಮುಂದಾಗಿದ್ದೇನೆ.

ನಾನು ಹಾವೇರಿಯ ಒಂದು ಸಣ್ಣ ಸಂಶೋಧನಾ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ಎಪ್ಪತ್ತು ದಾಟಿದವರಿಗೆ ಫ್ಲೂ ಜ್ವರದ ಲಸಿಕೆ ಕೊಟ್ಟಾಗ ಅವರ ರಕ್ತದಲ್ಲಿನ ಟಿ ಕೋಶಗಳು ಅದಕ್ಕೆ ಎಷ್ಟರ ಮಟ್ಟಿಗೆ ಸ್ಪಂದಿಸುತ್ತವೆ ಎಂಬ ಬಗ್ಗೆ ಬೆಂಗಳೂರಿನವರು ನಡೆಸುತ್ತಿದ್ದ ಅಧ್ಯಯನಕ್ಕೆ ಮಾದರಿ ಸಂಗ್ರಹಿಸಿ, ಕೋಶಗಳನ್ನು ಬೇರ್ಪಡಿಸಿ ಕಳುಹಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ರಾಣೇಬೆನ್ನೂರಿನ ಶಿಬಿರ ನನ್ನ ಕಿರಿಯ ಸಹೋದ್ಯೋಗಿಗೆ, ಬ್ಯಾಡಗಿಯದು ನನಗೆ. ಟಿ ಕೋಶವೆಂದರೆ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ಅವು ಎದೆಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ಪಕ್ವವಾಗುತ್ತವೆ. ಹರೆಯ ಕಳೆದಂತೆ ಆ ಗ್ರಂಥಿ ಕುಗ್ಗಿ ಕೊಬ್ಬಾಗುತ್ತ ಹೋಗುತ್ತದೆ. ಮುಪ್ಪಿನಲ್ಲಿ ಹೊಸ ಟಿ ಕೋಶಗಳು ತೀರ ವಿರಳ. ಹಿಂದೆ ಕಂಡ ರೋಗಗಳ ನೆನಪು ಹೊತ್ತ ಹಳೆಯವೇ ಉಳಿದಿರುತ್ತವೆ, ಅವುಗಳಲ್ಲಿಯೂ ಹಲವು ದಣಿದಿರುತ್ತವೆ. ಇದನ್ನು ಅಳೆಯಬೇಕಾದರೆ ಲಸಿಕೆ ಕೊಡುವ ಮುನ್ನ ಒಮ್ಮೆ, ನಾಲ್ಕು ವಾರಗಳ ನಂತರ ಒಮ್ಮೆ ರಕ್ತ ತೆಗೆದು ಎರಡನ್ನೂ ಹೋಲಿಸಬೇಕು. ಮೊದಲಿನದು ಕೆಟ್ಟರೆ ಎರಡನೆಯದಕ್ಕೆ ಅರ್ಥವಿಲ್ಲ. ಲಸಿಕೆ ಬಿದ್ದ ಮೈಯಿಂದ ಲಸಿಕೆಗೆ ಮೊದಲಿನ ರಕ್ತವನ್ನು ಯಾರೂ ಮರಳಿ ಪಡೆಯಲಾರರು. ಓದುಗರು ಈ ಒಂದು ಅಂಶವನ್ನು ಗಮನದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಬ್ಯಾಡಗಿಯಲ್ಲಿ ಮೊದಲ ಎರಡು ವಾರ ಒಬ್ಬರೂ ಒಪ್ಪಲಿಲ್ಲ. ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಗಳಲ್ಲಿ ನಮೂನೆಗಳ ಕಟ್ಟು ಹಿಡಿದು ಸುತ್ತಾಡಿದ್ದೇ ಬಂತು. ಮೂರನೆಯ ವಾರ ಒಂದು ತಗಡಿನ ಶೆಡ್ಡಿನಲ್ಲಿ ಏಳೆಂಟು ವೃದ್ಧೆಯರು ಕೆಂಪು ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಘಾಟಿಗೆ ನನಗೆ ಕೆಮ್ಮು ಹತ್ತಿ ಮಾತೇ ಹೊರಡಲಿಲ್ಲ. ಅವರಲ್ಲಿ ಹಿರಿಯಳೊಬ್ಬಳು ತಲೆ ಎತ್ತದೆ ಹೇಳಿದಳು.

"ಮೊದಲ ನೀ ನಿನ್ನ ಕೆಮ್ಮಿಗೆ ಸೂಜಿ ಮಾಡಿಸ್ಕೊ ತಂಗಿ. ಆಮ್ಯಾಲ ನಮಗ ಮಾಡುವಂತಿ."

ಎಲ್ಲರೂ ನಕ್ಕರು. ಆಕೆ ನನಗೆ ನೀರು ಕೊಟ್ಟಳು. ಎಪ್ಪತ್ತನಾಲ್ಕರ ಆಸುಪಾಸಿನ ಆ ಹೆಂಗಸನ್ನು ನಾನು ದೊಡ್ಡವ್ವ ಎಂದು ಕರೆಯಲಾರಂಭಿಸಿದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಒಪ್ಪಿಗೆ ಪತ್ರವನ್ನು ಓದಿ ಹೇಳತೊಡಗಿದಾಗ ಆಕೆ ತಡೆದಳು.

"ಅದನ್ನ ಓದಬ್ಯಾಡ, ಬಾಯಿಲೆ ಹೇಳು. ಮೈಯಾಗ ಏನ್ ನೋಡ್ತಿ?"

"ದೊಡ್ಡವ್ವಾ, ರೋಗದ ಗುರುತು ಹಿಡಿಯೋ ಕಣಾ ಇರ್ತಾವು. ಚಿಕ್ಕವ್ರಿದ್ದಾಗ ದಿನಾ ಹೊಸಾವು ಬರ್ತಾವು. ವಯಸ್ಸಾದಂಗ ಹೊಸಾವು ಬರೂದು ನಿಂತು, ಹಳೇವ ಕೆಲಸಾ ನಡಸ್ತಾವು. ಅವಕ್ಕ ಹಳೇ ರೋಗದ ಗುರುತು ಭೇಷ್ ಇರತೈತಿ. ಹೊಸಾದು ಬಂದ್ರ ತಬ್ಬಿಬ್ಬಾಗ್ತಾವು."

"ಅಂದ್ರ ನಮ್ಮ ಶೆಡ್ ಇದ್ದಂಗ," ಎಂದಳು ದೊಡ್ಡವ್ವ. "ಹೊಸಬರು ಯಾರ್ ಬರ್ತಾರ ಈ ಖಾರದಾಗ? ನಾವ ಹಳೇ ಮುದುಕ್ಯಾರು. ಈಕಿಗಂತೂ ಕಡ್ಡಿ ಯಾವ್ದು ಡಬ್ಬಿ ಯಾವ್ದು ಗುರುತ ಹತ್ತಂಗಿಲ್ಲ ಈಗ."

ಅದು ಮೆಣಸಿನಕಾಯಿಯ ಎರಡು ತಳಿಗಳ ಮಾತು. ಪಕ್ಕದಾಕೆ ಕೂಡಲೇ ತಿರುಗಿ, "ನಿನ್ನ ಮೈಯಾಗರ ರಕ್ತ ಎಲ್ಲೈತಿ? ಖಾರದ ನೀರು ಬರತೈತಿ ನೋಡ್ರಿ ಬಾಯಾರ, ಸೂಜಿ ಸುಟ್ಟೀತು," ಎಂದು ನನ್ನತ್ತ ನೋಡಿ ಹೇಳಿದಳು.

ನಗು ನಿಂತ ಮೇಲೆ ದೊಡ್ಡವ್ವ ಕೈಯಲ್ಲಿದ್ದ ಕಾಯಿಗಳನ್ನು ಕೆಳಗಿಟ್ಟಳು.

"ನಮ್ಮ ಮನಿಯವರು ಇದ ಸೂಜಿ ಮಾಡಿಸ್ಕೊಂಡಿದ್ರು. ಮೂರ ತಿಂಗಳಿಗೆ ಅದ ಜ್ವರದಾಗ ಹೋದ್ರು. ಓಣ್ಯಾಗ ಎಲ್ಲಾರೂ ಸೂಜಿ ಸುಳ್ಳು ಅಂತಾರ. ಅವತ್ತಿಂದ ಯಾರೂ ಮಾಡಿಸ್ಕೊಳ್ಳಾಕ ಒಲ್ರು. ಸೂಜಿ ಸುಳ್ಳಾತೋ, ಅವರ ಮೈ ಸುಳ್ಳಾತೋ? ನನಗ ಅಷ್ಟು ಖರೇ ಹೇಳ್ತಿ ಅಂದ್ರ ನನ್ನ ರಕ್ತ ತಗೊ. ಅವರಿಗೂ ನನಗೂ ವಯಸ್ಸು ಹೆಚ್ಚು ಕಡಿಮಿ ಇರಲಿಲ್ಲ."

ಭಾಗವಹಿಸಿದವರಿಗೆ ಅವರವರ ಫಲಿತಾಂಶವನ್ನು ತಿಳಿಸಲು ಅಧ್ಯಯನದಲ್ಲಿ ಅವಕಾಶವಿತ್ತು. ಸತ್ತವರ ವಿಷಯ ಹೇಳಲಾಗದು, ನಿಮ್ಮ ಮೈ ಲಸಿಕೆಯನ್ನು ಹಿಡಿಯಿತೋ ಇಲ್ಲವೋ ಎಂಬುದನ್ನು ಹೇಳುತ್ತೇನೆ ಎಂದು ಮಾತು ಕೊಟ್ಟೆ. ಆ ಮಾತಿನ ಮೇಲೆ ಆಕೆ ತನ್ನನ್ನೂ ಸೇರಿಸಿ ಹನ್ನೊಂದು ಮಂದಿಯನ್ನು ಒಪ್ಪಿಸಿದಳು. ಶೆಡ್ಡಿನ ಹೆಂಗಸರು, ಇಬ್ಬರು ನಿವೃತ್ತ ಹಮಾಲರು, ಕದರಮಂಡಲಗಿಯಿಂದ ಬಸ್ಸಿನಲ್ಲಿ ಬಂದ ಆಕೆಯ ತಂಗಿ.

ಶಿಬಿರದ ದಿನ ಮಾರ್ಚ್ ತಿಂಗಳ ಒಂದು ಪೇಟೆ ದಿನವಾಗಿತ್ತು. ಹೆದ್ದಾರಿಯಿಂದ ಮಾರುಕಟ್ಟೆಯವರೆಗೆ ಚೀಲದ ಲಾರಿಗಳು ಸಾಲುಗಟ್ಟಿದ್ದವು. ಒಂದು ಸಮುದಾಯ ಭವನದ ಮುಂಭಾಗದಲ್ಲಿ ಬೆಳಿಗ್ಗೆ ಹತ್ತಕ್ಕೆ ಆರಂಭಿಸಿ ಹನ್ನೆರಡರೊಳಗೆ ಹನ್ನೊಂದೂ ಮಂದಿಯ ರಕ್ತ ತೆಗೆದೆನು. ಒಬ್ಬೊಬ್ಬರದು ಎರಡೆರಡು ಹಸಿರು ಮುಚ್ಚಳದ ಕೊಳವೆ. ಹೆಪ್ಪುಗಟ್ಟದಂತೆ ತಡೆಯುವ ಔಷಧ ಅದರೊಳಗೇ ಇರುವುದರಿಂದ ಪ್ರತಿ ಕೊಳವೆಯನ್ನೂ ಎಂಟು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಬೇಕು, ಕುಲುಕಕೂಡದು. ದೊಡ್ಡವ್ವನ ನರ ಮೂರನೆಯ ಪ್ರಯತ್ನಕ್ಕೆ ಸಿಕ್ಕಿತು. ರಕ್ತ ತೆಗೆದ ಬೆನ್ನಿಗೇ ಎಲ್ಲರಿಗೂ ಲಸಿಕೆ ಹಾಕಿಸಲಾಯಿತು.

ಒಂದು ಗಂಟೆಗೆ ಪ್ರಯೋಗಾಲಯದ ಜೀಪು ಬರಬೇಕಿತ್ತು. ರಾಣೇಬೆನ್ನೂರಿನ ಮಾದರಿಗಳನ್ನು ತೆಗೆದುಕೊಂಡು, ದಾರಿಯಲ್ಲಿ ನನ್ನನ್ನು ಹತ್ತಿಸಿಕೊಂಡು ಹಾವೇರಿಗೆ ಹೋಗುವುದೆಂದು ಏರ್ಪಾಡಾಗಿತ್ತು. ಎರಡು ಗಂಟೆಗೆ ಚಾಲಕನ ಕರೆ ಬಂದಿತು.

"ಬಾಯಾರ, ಕ್ಲಚ್ ಪ್ಲೇಟ್ ಹೋತ್ರಿ. ಇಲ್ಲೇ ರಾಣೇಬೆನ್ನೂರಾಗ ನಿಂತೇನಿ. ಸಾಮಾನ ಹುಬ್ಬಳ್ಳಿಂದ ಬರಬೇಕಂತ. ನಾಳೆ ಮುಂಜಾನಿ ತನಕಾ ಗಾಡಿ ಹೊಂಡಂಗಿಲ್ಲ."

ಮಾನವ ರಕ್ತವನ್ನು ಬಸ್ಸಿನಲ್ಲಾಗಲಿ, ರೈಲಿನಲ್ಲಾಗಲಿ, ಬಾಡಿಗೆ ವಾಹನದಲ್ಲಾಗಲಿ ಲಿಖಿತ ಅನುಮತಿಯಿಲ್ಲದೆ ಸಾಗಿಸಕೂಡದೆಂದು ನಮಗೆ ನಿಯಮವಿದೆ. ಅನುಮತಿ ಕೊಡಬೇಕಾದ ಹಿರಿಯ ವಿಜ್ಞಾನಿಗಳು ಆ ಮಧ್ಯಾಹ್ನ ಒಂದು ಸಭೆಯಲ್ಲಿದ್ದು, ಅವರ ಫೋನು ಬಂದ್ ಆಗಿತ್ತು. ಸಂದೇಶ ಕಳುಹಿಸಿದೆ. ಉತ್ತರವಿಲ್ಲ. ಹಾವೇರಿಗೆ ಹೋಗುವ ಬಸ್ಸುಗಳು ನನ್ನ ಕಣ್ಣೆದುರೇ ಹಾದುಹೋದವು. ಇಂದು ಯೋಚಿಸಿದರೆ, ಆ ನಿಯಮವನ್ನು ಮುರಿದು ನಲವತ್ತು ನಿಮಿಷ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ಬರೆದದ್ದನ್ನು ಮೀರಿ ನಡೆದು ನನಗೆ ಅಭ್ಯಾಸವಿಲ್ಲ.

ಸೂಚನಾ ಹಾಳೆಯ ಪ್ರಕಾರ ರಕ್ತವನ್ನು ಹದಿನೆಂಟರಿಂದ ಇಪ್ಪತ್ತೈದು ಡಿಗ್ರಿಯೊಳಗೆ ಇಟ್ಟು ಮೂವತ್ತು ಗಂಟೆಯೊಳಗೆ ಸಂಸ್ಕರಿಸಬೇಕು. ಪೆಟ್ಟಿಗೆಯೊಳಗೆ ಆ ಉಷ್ಣತೆಯನ್ನು ಕಾಯಲೆಂದು ಕೊಟ್ಟಿದ್ದ ಚೀಲಗಳು ಮೂರು ಗಂಟೆಯ ಹೊತ್ತಿಗೆ ತಮ್ಮ ಶಕ್ತಿಯನ್ನು ಕಳೆದುಕೊಂಡಿದ್ದವು. ಭವನದಲ್ಲಿ ಕರೆಂಟು ಇರಲಿಲ್ಲ. ಪೆಟ್ಟಿಗೆಯ ತಾಪಮಾಪಕ ಇಪ್ಪತ್ತೊಂಬತ್ತು ದಾಟಿ ಮೂವತ್ತರತ್ತ ಹೊರಟಿತ್ತು.

ದೊಡ್ಡವ್ವ ಇನ್ನೂ ಅಲ್ಲಿಯೇ ಇದ್ದಳು.

"ನಮ್ಮ ಮನ್ಯಾಗ ಇಡು ಬಾ ತಂಗಿ. ಮಣ್ಣಿನ ಮಾಳಿಗಿ ಐತಿ, ತಣ್ಣಗಿರತೈತಿ. ನೀರಿನ ಹರವಿ ಮಗ್ಗಲಕ್ಕ ಇಟ್ರ ನಾಳೆ ಮುಂಜಾನಿ ತನಕಾ ಏನೂ ಆಗೂದಿಲ್ಲ. ನಾ ಕಾಯ್ತೇನಿ."

ನಾನು ಕೊಟ್ಟ ಉತ್ತರವನ್ನು ಯಥಾವತ್ತಾಗಿ ಬರೆಯಬೇಕು. "ಮನ್ಯಾಗ ಇಡೂ ವಸ್ತು ಅಲ್ಲ ದೊಡ್ಡವ್ವಾ ಇದು," ಎಂದೆ. ಇಷ್ಟು ಬೆಲೆಯುಳ್ಳ ಮಾದರಿಗಳು ನೀರಿನ ಮಣ್ಣಿನ ಹರವಿಯ ಪಕ್ಕದಲ್ಲಿ ರಾತ್ರಿ ಕಳೆದವೆಂದು ದಾಖಲೆಯಲ್ಲಿ ಹೇಗೆ ಬರೆಯುವುದೆಂಬ ಸಂಕೋಚವೇ ನನಗೆ ದೊಡ್ಡದಾಯಿತು.

ಅಷ್ಟರಲ್ಲಿ ಪಕ್ಕದ ಶೀತಲಗೃಹದ ಮೇಲ್ವಿಚಾರಕರು ನನ್ನ ಪರದಾಟವನ್ನು ಕಂಡು ಬಂದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ಕೆಡದಂತೆ ಚೀಲಗಟ್ಟಲೆ ಇಡುವ ದೊಡ್ಡ ಶೀತಲಗೃಹಗಳಿವೆ.

"ನಮ್ಮಲ್ಲಿ ಇಡ್ರಿ ಬಾಯಾರ. ಹ್ವಾದ ವರ್ಷದ ಕಾಯಿ ನಿನ್ನೆ ಹರಿದಂಗ ಅದಾವು. ನಾಕ ಡಿಗ್ರಿಗೆ ಒಂದ್ ಗೆರಿ ಹೆಚ್ಚು ಕಡಿಮಿ ಆಗೂದಿಲ್ಲ. ಜನರೇಟರ್ ಐತಿ, ಕೀಲಿ ಐತಿ. ಇನ್ನೇನ್ ಬೇಕು?"

ನಾಲ್ಕು ಡಿಗ್ರಿ ಎಂಬ ಮಾತು ನನಗೆ ಸಮಾಧಾನ ತಂದಿತು. ಈ ಕೆಲಸಕ್ಕೆ ಬರುವ ಮುನ್ನ ಹನ್ನೆರಡು ವರ್ಷ ನಾನು ಹಳ್ಳಿಗಳಿಗೆ ಲಸಿಕೆಯ ಡಬ್ಬಿ ಹೊತ್ತವಳು. ಬಿಸಿಲು ಶತ್ರು, ತಂಪು ಮಿತ್ರ ಎಂಬುದು ನನ್ನ ಕೈಗೆ ಹತ್ತಿದ ಪಾಠ. ಲಸಿಕೆಯಲ್ಲಿ ಜೀವಂತ ಮನುಷ್ಯಕೋಶವಿಲ್ಲ; ಕೊಳವೆಯಲ್ಲಿ ಇತ್ತು. ಅದು ನನಗೆ ತಿಳಿಯದ ವಿಷಯವಲ್ಲ. ಹದಿನೆಂಟಕ್ಕಿಂತ ಕೆಳಗೆ ಹೋಗಬಾರದೆಂದು ಹಾಳೆಯಲ್ಲಿ ಅಚ್ಚಾಗಿತ್ತು, ನಾನೇ ಅದನ್ನು ನಾಲ್ಕು ಸಲ ಓದಿದ್ದೆ. ಆದರೂ ಮೂವತ್ತು ಡಿಗ್ರಿಯ ಭಯ ನನ್ನ ಚರ್ಮದ ಮೇಲಿತ್ತು, ನಾಲ್ಕು ಡಿಗ್ರಿಯ ಭಯ ಬರಿಯ ಕಾಗದದ ಮೇಲಿತ್ತು. ಪೆಟ್ಟಿಗೆಗೆ ಕೀಲಿ ಹಾಕಿ, ಕೆಂಪು ಚೀಲಗಳ ಎರಡು ಗೋಡೆಗಳ ನಡುವೆ ಒಂದು ಮಣೆಯ ಮೇಲಿರಿಸಿ, ಸಂಜೆಯ ಬಸ್ಸಿಗೆ ಹಾವೇರಿಗೆ ಮರಳಿದೆ. ಮೇಲ್ವಿಚಾರಕರಿಗೆ ಧನ್ಯವಾದವನ್ನೂ ಅರ್ಪಿಸಿದೆ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಎರಡೂ ಊರಿನ ಪೆಟ್ಟಿಗೆಗಳು ದುರಸ್ತಿಯಾದ ಜೀಪಿನಲ್ಲಿ ಪ್ರಯೋಗಾಲಯ ತಲುಪಿದವು. ಸಹೋದ್ಯೋಗಿಯು ರಾಣೇಬೆನ್ನೂರಿನ ಮಾದರಿಗಳನ್ನು ಪರಿಚಯದ ಔಷಧ ಅಂಗಡಿಯೊಂದರ ಎ.ಸಿ. ಇದ್ದ ಕೋಣೆಯಲ್ಲಿ, ಕಪಾಟಿನ ಮೇಲೆ ಇಟ್ಟಿದ್ದನು. ನನ್ನ ಕೊಳವೆಗಳು ಕೈಗೆ ಕಲ್ಲಿನಷ್ಟು ತಣ್ಣಗಿದ್ದವು. ಅವುಗಳನ್ನು ಮೇಜಿನ ಮೇಲಿಟ್ಟು ಕೋಣೆಯ ಉಷ್ಣತೆಗೆ ಬರಲು ಬಿಟ್ಟೆವು.

ಮುಂದಿನ ಕ್ರಮ ಹೀಗಿದೆ. ರಕ್ತಕ್ಕೆ ಸಮಪಾಲು ಲವಣದ ದ್ರಾವಣ ಬೆರೆಸಿ, ಅದಕ್ಕಿಂತ ಭಾರವಾದ ಒಂದು ತಿಳಿದ್ರವದ ಮೇಲೆ ಪದರ ಕದಡದಂತೆ ಕೊಳವೆಯ ಗೋಡೆಗುಂಟ ಇಳಿಬಿಡಬೇಕು. ನಂತರ ಅರ್ಧ ಗಂಟೆ ಯಂತ್ರದಲ್ಲಿ ತಿರುಗಿಸಬೇಕು. ಯಂತ್ರವು ತಾನಾಗಿ ನಿಲ್ಲಬೇಕು, ಬ್ರೇಕ್ ಹಾಕಿದರೆ ಪದರ ಒಡೆಯುತ್ತದೆ. ಕೆಂಪು ಕಣಗಳು ತಳ ಸೇರುತ್ತವೆ. ನಡುವೆ ಉಗುರಿನಷ್ಟು ದಪ್ಪದ ಬಿಳಿ ಉಂಗುರ ನಿಲ್ಲುತ್ತದೆ. ಟಿ ಕೋಶಗಳು ಇರುವುದು ಅದರಲ್ಲಿ. ರಾಣೇಬೆನ್ನೂರಿನ ಕೊಳವೆಗಳಲ್ಲಿ ಆ ಉಂಗುರ ಹಾಲಿನ ಕೆನೆಯಂತೆ ಎದ್ದು ಕಂಡಿತು. ನನ್ನವುಗಳಲ್ಲಿ ಉಂಗುರವೆನ್ನುವುದೇ ಇರಲಿಲ್ಲ. ಗುಲಾಬಿ ಬಣ್ಣದ ಕಲಕು, ಅದರಲ್ಲಿ ತೇಲುವ ಚಿಂದಿಯಂಥ ಗಂಟುಗಳು.

ಇರುವಷ್ಟನ್ನು ಹೀರಿ ತೆಗೆದು, ಎರಡು ಸಲ ತೊಳೆದು, ನೀಲಿ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬದುಕಿದ ಕೋಶ ಆ ಬಣ್ಣವನ್ನು ಒಳಗೆ ಬಿಡುವುದಿಲ್ಲ, ಮುತ್ತಿನಂತೆ ಹೊಳೆಯುತ್ತದೆ. ಸತ್ತದ್ದರ ಗೋಡೆ ಒಡೆದಿರುತ್ತದೆ, ಬಣ್ಣ ಒಳನುಗ್ಗಿ ಅದು ನೀಲಿಯಾಗುತ್ತದೆ. ನಾನು ಮೊದಲು ನೋಡಿದ್ದು ದೊಡ್ಡವ್ವನದು. ನೀಲಿ, ನೀಲಿ, ಒಂದು ಮುತ್ತು, ಮತ್ತೆ ನೀಲಿ. ಆ ವಯಸ್ಸಿನಲ್ಲಿ ಮೊದಲೇ ವಿರಳವಾದ ಕೋಶಗಳು. ಎಣಿಸುವ ಯಂತ್ರದ ಗುಂಡಿಯ ಮೇಲೆ ನನ್ನ ಹೆಬ್ಬೆರಳು ನಿಂತುಹೋಯಿತು. ಹನ್ನೊಂದೂ ಮಾದರಿಗಳನ್ನು ನೋಡಿ ಮುಗಿಸುವಾಗ ಸಂಜೆ ಐದಾಗಿತ್ತು. ಒಂದೂ ಅಂಗೀಕಾರಕ್ಕೆ ಯೋಗ್ಯವಾಗಿರಲಿಲ್ಲ.

ಸಹೋದ್ಯೋಗಿ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತನು. ಅವನು ಕೆಟ್ಟವನಲ್ಲ, ನನ್ನ ಮುಖ ನೋಡಲಾರದೆ ಹೇಳಿದ ಮಾತು ಅದು.

"ಅಕ್ಕಾರ, ಇದ್ದಷ್ಟನ್ನ ಹಂಗ ಫ್ರೀಜ್ ಮಾಡಿ ಕಳಿಸಿಬಿಡೂಣ್ರಿ. ತಾಪಮಾನದ ಕಾಲಮಿನ್ಯಾಗ ಇಪ್ಪತ್ತೆರಡು ಅಂತ ಬರೀರಿ. ಬೆಂಗಳೂರಾಗ ನೋಡಿದವರು ಏನಂತಾರ? ಮುದುಕರ ರಕ್ತ, ಕೋಶ ದಣದಾವು, ಸತ್ತಾವು ಅಂತಾರ. ಅವರಿಗೆ ಬೇಕಾಗಿದ್ದೂ ಅದ ಅಲ್ಲೇನ್ರಿ? ಯಾರ್ ಕೇಳ್ತಾರ?"

ಅವನು ಹೇಳಿದ್ದು ಪೂರ್ತಿ ನಿಜವಾಗಿತ್ತು, ಆದ್ದರಿಂದಲೇ ನನಗೆ ಹೆದರಿಕೆಯಾಯಿತು. ಚಳಿ ತಿಂದ ಕೋಶ, ಮುಪ್ಪು ತಿಂದ ಕೋಶ, ಎರಡೂ ದೂರದ ಮೇಜಿನ ಮೇಲೆ ಒಂದೇ ರೀತಿ ಸುಮ್ಮನಿರುತ್ತವೆ. ನನ್ನ ತಪ್ಪು ಹನ್ನೊಂದು ಜನರ ವಯಸ್ಸಿನ ಲೆಕ್ಕಕ್ಕೆ ಸೇರಿಬಿಡುತ್ತಿತ್ತು. ನಿನ್ನ ಮೈ ಸುಳ್ಳಾಗಿದೆ ದೊಡ್ಡವ್ವಾ ಎಂಬ ಉತ್ತರ, ಮುದ್ರೆ ಸಹಿತ, ಬ್ಯಾಡಗಿಗೆ ಬರುತ್ತಿತ್ತು. ಅದನ್ನು ಓದಿ ಹೇಳಬೇಕಾದವಳು ನಾನೇ.

ದಾಖಲೆ ಪುಸ್ತಕ ತೆರೆದು ತಾಪಮಾನದ ಅಂಕಣದಲ್ಲಿ ಹನ್ನೊಂದು ಸಲ ನಾಲ್ಕು ಎಂದು ಬರೆದೆ. ಷರಾ ಎಂಬಲ್ಲಿ, "ತಂತ್ರಜ್ಞೆಯ ನಿರ್ಧಾರದಿಂದ ಶೀತಲಗೃಹದಲ್ಲಿ ಒಂದು ರಾತ್ರಿ ಇರಿಸಿದ್ದರಿಂದ ಮಾದರಿಗಳು ನಿರುಪಯುಕ್ತ," ಎಂದು ಬರೆದು ಸಹಿ ಮಾಡಿದೆ. ಸಹೋದ್ಯೋಗಿ ಎದ್ದು ಹೋದನು.

ಹಿರಿಯ ವಿಜ್ಞಾನಿಗಳು ಮರುದಿನ ಅದನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಬೈಯುವರೆಂದು ಕಾದಿದ್ದೆ.

"ಖರೇ ಬರದದ್ದು ಛಲೋ ಆತು," ಎಂದರು. "ಆದರ ಬ್ಯಾಡಗಿ ಮುಗೀತ್ರಿ. ಈಗಿಂದೀಗ ಹನ್ನೊಂದು ಮಂದಿ ಹೊಸಬರನ್ನ ಎಲ್ಲಿಂದ ತರೋಣು? ಲಸಿಕಿ ಹಾಕಿಸ್ಕೊಂಡವರು ಮತ್ತ ಉಪಯೋಗಕ್ಕ ಬರಂಗಿಲ್ಲ. ರಾಣೇಬೆನ್ನೂರಿನವನ್ನ ಅಷ್ಟ ಕಳಸ್ತೇನಿ."

"ಅವರಿಗೆ ಫಲಿತಾಂಶ ಹೇಳ್ತೇನಿ ಅಂತ ಮಾತ ಕೊಟ್ಟೇನ್ರಿ ಸರ್."

"ಕೊಡಾಕ ಏನೈತಿ ನಮ್ಮ ಕಡೆ?" ಎಂದು ಅವರು ನನ್ನನ್ನೇ ಕೇಳಿದರು.

ನಾಲ್ಕು ವಾರಗಳ ನಂತರ, ಎರಡನೆಯ ರಕ್ತ ತೆಗೆಯಬೇಕಿದ್ದ ದಿನವೇ, ಕೊಳವೆಗಳಿಲ್ಲದ ಪೆಟ್ಟಿಗೆಯನ್ನು ಹಿಡಿದು ಬ್ಯಾಡಗಿಗೆ ಹೋದೆ. ಪೆಟ್ಟಿಗೆ ಯಾಕೆ ಒಯ್ದೆನೆಂದು ತಿಳಿಯದು. ಬರಿಗೈಯಲ್ಲಿ ಹೋಗಲು ಧೈರ್ಯ ಸಾಲಲಿಲ್ಲವೆಂದು ತೋರುತ್ತದೆ. ಶೆಡ್ಡಿನಲ್ಲಿ ಹತ್ತು ಮಂದಿಯೂ ತೋಳು ಮಡಚಿ ಸಿದ್ಧರಾಗಿ ಕುಳಿತಿದ್ದರು. ಕದರಮಂಡಲಗಿಯ ತಂಗಿ ಬೆಳಗಿನ ಬಸ್ಸಿಗೇ ಬಂದಿದ್ದಳು. ದೊಡ್ಡವ್ವ ಆ ದಿನ ಮೈ ಸರಿಯಿರದೆ ಮನೆಯಲ್ಲಿದ್ದಳು. ನಾನು ಅವರೆಲ್ಲರಿಗೆ ನಡೆದದ್ದನ್ನು ಹೇಳಿದೆ. ಮಾತು ಮುಗಿದ ಮೇಲೆ ನಿವೃತ್ತ ಹಮಾಲರಲ್ಲಿ ಒಬ್ಬರು ಅಂಗಿಯ ತೋಳನ್ನು ಇಳಿಸಿ ಗುಂಡಿ ಹಾಕಿಕೊಂಡರು. "ನಮ್ಮ ಓಣ್ಯಾಗ ಇನ್ನ ಯಾರೂ ಸೂಜಿಗೆ ಬರಂಗಿಲ್ರಿ ಬಾಯಾರ," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಮಾಹಿತಿಗಾಗಿ ತಿಳಿಸಿದಂತೆ ತಿಳಿಸಿದರು.

ದೊಡ್ಡವ್ವನ ಮನೆ ಎರಡು ಓಣಿಗಳಾಚೆ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ತಲೆ ಬಾಗಿಸಿ ಒಳಗೆ ಕಾಲಿಟ್ಟಾಗ ಅಂಗಾಲಿಗೆ ಸಗಣಿ ಸಾರಿಸಿದ ನೆಲ ತಂಪಾಗಿ ಹತ್ತಿತು. ಆಕೆ ಹರವಿಯ ಮಗ್ಗುಲಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಎದ್ದು ಕುಳಿತು, ಕೇಳುವ ಮೊದಲೇ ಕೈ ಚಾಚಿದಳು.

ಹೇಳಬೇಕಾದ್ದನ್ನು ಹೇಳಿದೆ. ಆಕೆ ಬಹಳ ಹೊತ್ತು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಮತ್ತ ತಗೊ," ಎಂದಳು. "ಮೂರ ಸಲ ಚುಚ್ಚಿದ್ರೂ ಅಡ್ಡಿಯಿಲ್ಲ."

"ಸೂಜಿಗಿಂತ ಮೊದಲಿನ ರಕ್ತ ಬೇಕು ದೊಡ್ಡವ್ವಾ. ಅದು ಈಗ ಮೈಯಾಗ ಇಲ್ಲ. ಮುಂದಿನ ವರ್ಷ ಹೊಸ ಅಧ್ಯಯನ ಬಂದ್ರ..."

"ಮುಂದಿನ ವರ್ಷ ಅನ್ನೂದು ನಿಮ್ಮ ವಯಸ್ಸಿನವರ ಮಾತು," ಎಂದಳು. "ಹಂಗಾದ್ರ ಮನಿಯವರ ಸುದ್ದಿ ತಿಳಿಯೂದಿಲ್ಲ?" ಎಂದು ಕೇಳಿದಳು.

ತಿಳಿಯುವುದಿಲ್ಲ ಎಂದೆ. ಅವರದು ಹೇಗೂ ತಿಳಿಯುತ್ತಿರಲಿಲ್ಲವೆಂದು ಮೊದಲೇ ಹೇಳಿದ್ದೆನಲ್ಲ ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆಕೆ ಸೆರಗಿನಿಂದ ತೋಳು ಮುಚ್ಚಿಕೊಂಡು, ಹರವಿಯಿಂದ ನನಗೊಂದು ತಂಬಿಗೆ ನೀರು ತುಂಬಿಕೊಟ್ಟಳು.

ನೀರು ಕುಡಿಯಲು ಪೆಟ್ಟಿಗೆಯನ್ನು ನೆಲದ ಮೇಲಿಟ್ಟೆ. ಅದರ ಮುಚ್ಚಳ ತೆರೆದುಕೊಂಡಿತ್ತು. ಒಳಗಿನ ತಾಪಮಾಪಕ ಬಸ್ಸಿನ ಕಾವನ್ನು ಬಿಟ್ಟು ನಿಧಾನವಾಗಿ ಇಳಿಯತೊಡಗಿತು. ನಾವಿಬ್ಬರೂ ಕುಳಿತಿದ್ದ ಆ ಕಾಲು ತಾಸಿನಲ್ಲಿ ಅದು ಇಪ್ಪತ್ತನಾಲ್ಕಕ್ಕೆ, ಸೂಚನಾ ಹಾಳೆಯ ಮಿತಿಗಿಂತ ಒಂದು ಡಿಗ್ರಿ ಕೆಳಕ್ಕೆ, ಬಂದು ನಿಂತಿತು. ಅಂದು ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆ. ದೊಡ್ಡವ್ವನಿಗೆ ಆ ಅಂಕಿ ಓದಲು ಬರುವುದಿಲ್ಲ. ನಾನು ಅದನ್ನು ಆಕೆಗೆ ಓದಿ ಹೇಳಲಿಲ್ಲ. ಆ ಮೌನವನ್ನೂ ನನ್ನ ಲೋಪಗಳಲ್ಲಿ ಒಂದೆಂದು ಇಲ್ಲಿ ನಮೂದಿಸುತ್ತೇನೆ.

ಆದ್ದರಿಂದ ಮಾನ್ಯ ಓದುಗರಲ್ಲಿ ಕೊನೆಯದಾಗಿ ಕೋರಿಕೊಳ್ಳುವುದೇನೆಂದರೆ, ಈ ಬರಹದಲ್ಲಿ ದೀರ್ಘ, ಒತ್ತಕ್ಷರ, ವಾಕ್ಯರಚನೆ ಎಲ್ಲಿ ತಪ್ಪಿದ್ದರೂ ಕೆಂಪು ಶಾಯಿಯಿಂದ ತಿದ್ದಿ ನನಗೆ ತಿಳಿಸಬೇಕು, ಕಲಿಯಲು ಸಿದ್ಧಳಿದ್ದೇನೆ. ಹನ್ನೊಂದು ಸಲ ಬರೆದ ನಾಲ್ಕು ಎಂಬ ಅಂಕಿಯನ್ನು ಮಾತ್ರ ತಿದ್ದಬಾರದೆಂದು ವಿನಂತಿ. ಅದು ಸರಿಯಾಗಿಯೇ ಇದೆ.

ತಮ್ಮ ವಿಶ್ವಾಸಿ,
ಪ್ರಯೋಗಾಲಯ ತಂತ್ರಜ್ಞೆ, ಹಾವೇರಿ